ಇನ್ನೊಬ್ಬ ಬಳಕೆದಾರ

ಹೋದ ತಿಂಗಳು ನೆಂಟರ ಮನೆಯಲ್ಲಿ ಮದುವೆ ಮಾತುಕತೆಗೆ ಕೂತಿದ್ದೆವು. ಹುಡುಗಿಯ ಅಪ್ಪ ಸೋಫಾದ ತುದಿಯಲ್ಲಿ, ಎಡಗೈಯಲ್ಲಿ ತಮ್ಮ ಫೋನು, ಬಲಗೈಯಲ್ಲಿ ಹೆಂಡತಿಯ ಫೋನು ಹಿಡಿದು ಟೆನಿಸ್ ನೋಡುವವರಂತೆ ಕತ್ತು ಆಡಿಸುತ್ತಿದ್ದರು. ಒಂದರಲ್ಲಿ ಹುಡುಗನ ಜಾತಕ, ಇನ್ನೊಂದರಲ್ಲಿ ಮಗಳದು. 'ಒಂದರಲ್ಲೇ ಎರಡೂ ನೋಡೋಕಾಗಲ್ಲ ನೋಡಿ. ಇದನ್ನ ತೆಗೆದ್ರೆ ಅದು ಹೋಗಿಬಿಡುತ್ತೆ' ಎಂದರು. ನನಗೆ ಜಾತಕದ ಗಂಧಗಾಳಿ ಇಲ್ಲ. ಆದರೆ ಅವರ ಆ ಸಂಕಟ ನನಗೆ ಹಳೆಯ ಪರಿಚಯದ್ದು.

1998ರಲ್ಲಿ ಮೈಸೂರಿನ ಒಂದು ವಧೂವರರ ಮಾಹಿತಿ ಕೇಂದ್ರಕ್ಕೆ ನಾನು 'ಕಂಪ್ಯೂಟರ್ ಹುಡುಗ'ನಾಗಿದ್ದೆ. ಕೇಂದ್ರ ಎಂದರೆ ಒಂದು ಕೋಣೆ, ಒಂದು ಗಾಡ್ರೆಜ್ ಬೀರು, ಮತ್ತು ರಾಯರು. ಬೀರುವಿನಲ್ಲಿ ಹುಡುಗಿಯರದು ಗುಲಾಬಿ ಕಾರ್ಡು, ಹುಡುಗರದು ಬಿಳಿ. ಯಾರಾದರೂ ಬಂದರೆ ರಾಯರು ಒಂದು ಗುಲಾಬಿ ತೆಗೆದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಬಿಳಿ ಕಾರ್ಡುಗಳನ್ನು ಇಸ್ಪೀಟಿನ ಎಲೆಗಳಂತೆ ಒಂದೊಂದೇ ಇಳಿಸುತ್ತಾ ಹೋಗುವರು. ಅಮೆರಿಕದಲ್ಲಿದ್ದ ಅವರ ಮಗ ಕಂಪ್ಯೂಟರು ಕೊಡಿಸಿದ್ದ. ಬೀರುವನ್ನು ಅದರೊಳಗೆ ತುಂಬುವುದು ನನ್ನ ಕೆಲಸ.

ನಾನು ಕ್ಲಾಸಿನಲ್ಲಿ ಕಲಿತದ್ದು ಫಾಕ್ಸ್‌ಪ್ರೋ. ಕಂಪ್ಯೂಟರಿನಲ್ಲಿ ಇದ್ದದ್ದು ಆಕ್ಸೆಸ್ 97. ಡೇಟಾಬೇಸ್ ತಂತ್ರಾಂಶಗಳಾದ ಇವೆರಡೂ ಓರಗಿತ್ತಿಯರು, 1992ರಲ್ಲಿ ಮೈಕ್ರೋಸಾಫ್ಟ್ ಒಹಾಯೊದ ಫಾಕ್ಸ್ ಸಾಫ್ಟ್‌ವೇರನ್ನು ಕೊಂಡು ಮನೆ ತುಂಬಿಸಿಕೊಂಡಿತು, ಅದೇ ನವೆಂಬರಿನಲ್ಲಿ ತನ್ನದೇ ಆಕ್ಸೆಸನ್ನೂ ಹೊರತಂದಿತು. ಆ ಹೆಸರೂ ಹೊಸದಲ್ಲ. 80ರ ದಶಕದಲ್ಲಿ ದೂರದ ಕಂಪ್ಯೂಟರುಗಳನ್ನು ಮಾತಾಡಿಸುವ ಒಂದು ತಂತ್ರಾಂಶಕ್ಕೆ ಅದನ್ನಿಟ್ಟು, ಅದು ಓಡದೆ, ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದರು. ಆರೇಳು ವರ್ಷದ ಮೇಲೆ ಕೊಡವಿ ಇದಕ್ಕೆ ತೊಡಿಸಿದರು. ಆಕ್ಸೆಸ್ ಎಂಬುದೇ ಎರಡನೇ ಪ್ರತಿ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಮೊದಲೇ ಗೊತ್ತಿದ್ದರೆ ಅಷ್ಟು ಬೈಯುತ್ತಿರಲಿಲ್ಲ.

ಕಲಿಸುವವರು ಯಾರೂ ಇಲ್ಲದ್ದರಿಂದ ಅದರ ಜೊತೆಗೇ ಬರುತ್ತಿದ್ದ ನಾರ್ತ್‌ವಿಂಡ್ ಎಂಬ ಮಾದರಿ ಡೇಟಾಬೇಸೇ ನನ್ನ ಗುರು. ಅದು ಇಲ್ಲದ ಕಂಪನಿಯೊಂದರ ಲೆಕ್ಕಪತ್ರ. 77 ಸರಕು, 91 ಗಿರಾಕಿ, 9 ನೌಕರರು. ಮೊದಲ ನಂಬರಿನ ಸರಕು ಯಾವುದು ಅಂತೀರಿ? ಚಾಯ್! ಜಗತ್ತಿನಲ್ಲಿ ಆಕ್ಸೆಸ್ ಕಲಿತವರೆಲ್ಲ ಮೊದಲು ಮುಖ ನೋಡಿದ್ದು ನಮ್ಮ ಚಹಾದ್ದೇ. 20 ಚೀಲಗಳ 10 ಪೆಟ್ಟಿಗೆಗೆ 18 ಡಾಲರು, ಸರಬರಾಜು ಲಂಡನ್ನಿನಿಂದ. ಆಗಿನ ರೂಪಾಯಿಯಲ್ಲಿ 700ಕ್ಕೂ ಮೇಲೆ. ರಾಯರಿಗೆ ತೋರಿಸಿದೆ. 'ಎಲೆ ನಮ್ಮದು, ಲಾಭ ಅವರದು. ಚೀಲದಲ್ಲಿ ಕಟ್ಟಿದ ಚಹಾಕ್ಕೆ ರುಚಿ ಎಲ್ಲಿಂದ ಬರಬೇಕು?' ಎಂದು ಎದುರಿನ ಹೋಟೆಲಿನಿಂದ ಬೈಟು ಕಾಫಿ ತರಿಸಿದರು. ಅವತ್ತು ಬೇರೆ ಕೆಲಸ ಆಗಲಿಲ್ಲ.

ಎರಡು ತಿಂಗಳಲ್ಲಿ ಕಾರ್ಡಿನಂತೆಯೇ ಕಾಣುವ ಫಾರ್ಮು ಸಿದ್ಧವಾಯಿತು. ರಾಯರು ಒಂದು ಹುಡುಗಿಯ ವಿವರ ತೆಗೆದರು. ಮೆಚ್ಚಿದರು. 'ಈಗ ಪಕ್ಕದಲ್ಲಿ ಹುಡುಗನ್ನ ಇಡಯ್ಯ.' ಗುಂಡಿ ಒತ್ತಿದೆ. ಹುಡುಗ ಬಂದ, ಹುಡುಗಿ ಹೋದಳು. ತೆರೆದಿರುವ ಫಾರ್ಮನ್ನೇ ಮತ್ತೆ ತೆರೆ ಎಂದರೆ ಆಕ್ಸೆಸ್ ಹೊಸದನ್ನು ತೆರೆಯುವುದಿಲ್ಲ. ಇರುವುದನ್ನೇ ಮುಂದೆ ತಂದು ನಿಲ್ಲಿಸುತ್ತದೆ. 'ಕಾರ್ಡಿನಲ್ಲಿ ಆಗೋದು ಇದರಲ್ಲಿ ಆಗಲ್ಲವೇನಯ್ಯ?' ಎಂದರು ರಾಯರು. ಆ ಒಂದು ಮಾತಿಗೆ ನನ್ನ ಮೂರು ವಾರ ಹೋಯಿತು.

ದಾರಿ ಇತ್ತು. ಫಾರ್ಮಿನ ಬೆನ್ನಿಗೆ ಕೋಡಿನ ಹಾಳೆಯೊಂದು ಇದ್ದರೆ ಸಾಕು, 'ನ್ಯೂ' ಎಂಬ ಪದದಿಂದ ಅದೇ ಫಾರ್ಮಿನ ಇನ್ನೊಂದು ಪ್ರತಿ ಹುಟ್ಟಿಸಬಹುದು. ಹುಟ್ಟಿಸಿದೆ. ಕಾಣಲಿಲ್ಲ. ಹಾಗೆ ಹುಟ್ಟಿದ್ದು ಅದೃಶ್ಯವಾಗಿಯೇ ಹುಟ್ಟುತ್ತದೆ, 'ಕಾಣಿಸಿಕೋ' ಎಂದು ಬೇರೆ ಹೇಳಬೇಕು. ಹೇಳಿದೆ. ಮಿಂಚಿ ಮಾಯವಾಯಿತು. ಅದನ್ನು ಹಿಡಿದಿದ್ದ ವೇರಿಯಬಲ್ ಕೆಲಸ ಮುಗಿದೊಡನೆ ಸತ್ತಿತ್ತು, ಅದರ ಜೊತೆ ಫಾರ್ಮೂ ಸಹಗಮನ ಮಾಡಿತ್ತು. ಕೈಬಿಟ್ಟರೆ ಉಳಿಯದ ಜೀವ ಅದು. ಕೊನೆಗೆ 'ಕಲೆಕ್ಷನ್' ಎಂಬ ಗೂಟ ನೆಟ್ಟು ಹುಟ್ಟಿದ ಪ್ರತಿಗಳನ್ನೆಲ್ಲ ಅದಕ್ಕೆ ಕಟ್ಟಿದೆ. ಎಲ್ಲಕ್ಕೂ ಹೆಸರು ಒಂದೇ. ಆರು ಮಂದಿ ವೆಂಕಟೇಶರಿರುವ ಮನೆಯಲ್ಲಿ 'ವೆಂಕಟೇಶಾ' ಎಂದರೆ ಹಿರಿಯವನೊಬ್ಬನೇ ಓಗೊಡುವಂತೆ, ಹೆಸರು ಹಿಡಿದು ಕರೆದರೆ ಮಾಮೂಲಿಯಾಗಿ ತೆರೆದದ್ದು ಮಾತ್ರ ತಿರುಗುತ್ತದೆ. ಹಾಗಾಗಿ ಉಳಿದವಕ್ಕೆ ವಿಂಡೋಸ್ ಕೊಡುವ ಕಿಟಕಿ ಸಂಖ್ಯೆಯೇ ಗುರುತು. ಇಷ್ಟಾದರೂ ಎರಡನೆಯದು ಮೊದಲನೆಯದರ ತಲೆಯ ಮೇಲೇ ಕರಾರುವಾಕ್ಕಾಗಿ ಕೂತು, 'ಎಲ್ಲಿ, ಒಂದೇ ಇದೆಯಲ್ಲ?' ಎಂದು ರಾಯರಿಂದ ಕೇಳಿಸಿಕೊಂಡೆ. ಪಕ್ಕಕ್ಕೆ ಸರಿಸಿ, ಹುಡುಗಿಯರ ಪ್ರತಿಗೆ ಗುಲಾಬಿ ಬಣ್ಣ ಬಳಿದ ದಿನ ಅವರು ನನ್ನ ಬೆನ್ನು ತಟ್ಟಿದರು.

(ಗೋತ್ರದ ಕತೆ ಬೇರೆ. ಕನ್ನಡವನ್ನು ಅಕಾರಾದಿಗೆ ಕೂರಿಸುವ ಬುದ್ಧಿ ಆಗ ಆಕ್ಸೆಸ್‌ಗಿರಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ, ಕಾಶ್ಯಪಕ್ಕೆ ನಾಲ್ಕು ಬಗೆಯ ಸ್ಪೆಲ್ಲಿಂಗು. ಯಂತ್ರದ ಪಾಲಿಗೆ ಅವು ನಾಲ್ಕು ಗೋತ್ರ. ರಾಯರ ಕಣ್ಣಿರದಿದ್ದರೆ ಎಷ್ಟು ಸಗೋತ್ರ ವಿವಾಹಗಳಾಗುತ್ತಿದ್ದವೋ.)

ಎರಡು ತೆರೆಯಲು ಬಂದ ಮೇಲೆ ರಾಯರು ಎರಡಕ್ಕೆ ನಿಲ್ಲುತ್ತಾರೆಯೇ? ಒಂದು ಹುಡುಗಿ, ನಾಲ್ಕು ಹುಡುಗರು. ನಡುವೆ ಮರೆತು ಅದೇ ಹುಡುಗಿ ಮತ್ತೊಮ್ಮೆ. ಒಂದು ಕಿಟಕಿಯಲ್ಲಿ ಅವಳ ಎತ್ತರ ತಿದ್ದಿದರು. ಉಳಿಸುವ ಮೊದಲೇ ಇನ್ನೊಂದಕ್ಕೆ ಹಾರಿ ಅವಳ ಕೆಲಸದ ವಿವರ ತುಂಬಿ ಉಳಿಸಿದರು. ಮರಳಿ ಮೊದಲನೆಯದಕ್ಕೆ ಬಂದು ಉಳಿಸಹೊರಟಾಗ ಆಕ್ಸೆಸ್ ತಡೆಯಿತು. ನೀವು ತಿದ್ದಲು ತೊಡಗಿದ ಮೇಲೆ ಇನ್ನೊಬ್ಬ ಬಳಕೆದಾರರು ಈ ದಾಖಲೆಯನ್ನು ಬದಲಾಯಿಸಿದ್ದಾರೆ ಎಂದು ಅದರ ತಾತ್ಪರ್ಯ. ಕೆಳಗೆ ಮೂರು ಗುಂಡಿ: ನಿಮ್ಮದನ್ನೇ ಉಳಿಸಿ, ನಕಲು ತೆಗೆದಿಟ್ಟುಕೊಳ್ಳಿ, ಕೈಬಿಡಿ.

ರಾಯರು ಯಾವುದನ್ನೂ ಒತ್ತಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿದರು.

'ಯಾರಯ್ಯ ಇದು, ಇನ್ನೊಬ್ಬ?'

ಕೋಣೆಯಲ್ಲಿದ್ದುದು ಒಂದೇ ಕಂಪ್ಯೂಟರು. ಅದಕ್ಕೆ ಟೆಲಿಫೋನ್ ತಂತಿಯೂ ಇರಲಿಲ್ಲ. ಆದರೆ ಎರಡು ಬೀದಿಯಾಚೆ ಇನ್ನೊಂದು ವಧೂವರ ಕೇಂದ್ರ ಶುರುವಾಗಿತ್ತು, ರಾಯರ ಅನುಮಾನ ನೇರ ಅಲ್ಲಿಗೆ ಓಡಿತು. 'ನಮ್ಮ ಹುಡುಗಿಯರ ಎತ್ತರ ಕಮ್ಮಿ ಮಾಡ್ತಿದ್ದಾನೆ!' ಆ ಇನ್ನೊಬ್ಬ ಬಳಕೆದಾರ ನೀವೇ ರಾಯರೇ, ಎರಡು ಕಿಟಕಿಯಲ್ಲಿ ಕೂತವರನ್ನು ಆಕ್ಸೆಸ್ ಇಬ್ಬರೆಂದು ಎಣಿಸುತ್ತದೆ ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿ, 'ನಾನು ಒಬ್ಬನೇ ಅಂತ ನನಗೆ ಗೊತ್ತು. ಅದಕ್ಕೆ ಗೊತ್ತಿಲ್ಲ ಅಂದ್ರೆ ಅದನ್ನ ನಂಬೋದು ಹೇಗೆ?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ತೆರೆದಿರುವ ದಾಖಲೆಯನ್ನು ಮತ್ತೆ ಕೇಳಿದರೆ ಹಳೆಯ ಕಿಟಕಿಯನ್ನೇ ಮುಂದೆ ತರುವಂತೆ ನಾಲ್ಕು ಸಾಲು ಸೇರಿಸಿದೆ. ಅಂದರೆ, ಯಾವ ಚಾಳಿಯನ್ನು ಬಿಡಿಸಲು ಮೂರು ವಾರ ಹೆಣಗಿದ್ದೆನೋ ಅದನ್ನೇ ನನ್ನ ಕೈಯಾರೆ ಮರಳಿ ಕಲಿಸಿದೆ.

ರಾಯರು ಅಷ್ಟರಲ್ಲಿ ತಮ್ಮದೇ ಉಪಾಯ ಕಂಡುಕೊಂಡಿದ್ದರು. ಬೇಕಾದ ವಿವರವನ್ನೆಲ್ಲ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕಿರ್ರೆನ್ನಿಸಿ ಅಚ್ಚು ಹಾಕಿ, ಅಂಚಿನ ತೂತುಪಟ್ಟಿ ಹರಿದು, ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡುವುದು.

'ಏನು ಯೋಚನೆ? ಒಂಚೂರು ಇದನ್ನ ಹಿಡ್ಕೊಳ್ತೀರಾ?' ಹುಡುಗಿಯ ಅಪ್ಪ ಬಲಗೈ ಫೋನನ್ನು ನನ್ನತ್ತ ಚಾಚಿದ್ದರು. ಅವರಿಗೆ ಕನ್ನಡಕ ಒರೆಸಬೇಕಿತ್ತು. 'ಆಗಾಗ ಮುಟ್ತಾ ಇರಿ, ಇಲ್ಲಾಂದ್ರೆ ಆರಿಹೋಗುತ್ತೆ.'

ಕಾಫಿ ಬರುವ ತನಕ ನಾನು ಹುಡುಗನ ಕುಂಡಲಿಯನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದೆ.