ಉಗ್ರಾಣದ ಲೆಕ್ಕ

ವಿಮಾನವೆಂದರೆ ಜನರಿಗೆ ಆಕಾಶ ನೆನಪಾಗುತ್ತದೆ, ನನಗೆ ಉಗ್ರಾಣ. ಮೂವತ್ತು ವರ್ಷ ವಿಮಾನಗಳ ಬಿಡಿಭಾಗಗಳ ಲೆಕ್ಕ ಬರೆದು, ಈಗ ನಿವೃತ್ತನಾಗಿ ಜಯನಗರದಲ್ಲಿದ್ದೇನೆ. ಬೆಂಗಳೂರಿಗೆ ಈ ವಿದ್ಯೆ ಹಳೆಯದು: ೧೯೪೦ರಲ್ಲಿ ವಾಲ್‌ಚಂದ್ ಹೀರಾಚಂದರು ಇಲ್ಲಿ ಆರಂಭಿಸಿದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧಕಾಲದಲ್ಲಿ ಅಮೆರಿಕದ ವಿಮಾನಗಳನ್ನು ದುರಸ್ತಿ ಮಾಡಿತು.

ಬಳೆಯಷ್ಟಿರುವ ರಬ್ಬರ್ ಸೀಲೊಂದು ಇಲ್ಲದಿದ್ದರೆ ಇಡೀ ವಿಮಾನ ನೆಲ ಬಿಟ್ಟೇಳದು. ಹಾಗೆಂದು ರಾಶಿ ಹಾಕುವಂತೆಯೂ ಇಲ್ಲ. ರಬ್ಬರು ಕಪಾಟಿನಲ್ಲಿದ್ದೇ ಮುದಿಯಾಗುತ್ತದೆ. ಪ್ರಮಾಣಪತ್ರವಿಲ್ಲದ ತಿರುಪಂತೂ ತಿರುಪೇ ಅಲ್ಲ.

ಹೋದ ವರ್ಷ ಎಷ್ಟು ಖರ್ಚಾಯಿತೆಂದು ನೋಡಿದರೆ ಸಾಲದು. ಬರಲು ಎಷ್ಟು ದಿನ ಬೇಕು, ಬಾರದಿದ್ದರೆ ಏನು ನಿಲ್ಲುತ್ತದೆ ಎಂಬುದನ್ನೂ ಕೇಳಬೇಕು. ೨೦೨೩ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ, ಬದಲಿ ಎಂಜಿನ್ ಸಿಗದೆ ತನ್ನ ಸುಮಾರು ೨೫ ವಿಮಾನಗಳು ನಿಂತಿವೆಯೆಂದು ಹೇಳಿ ದಿವಾಳಿ ಅರ್ಜಿ ಹಾಕಿತು. ಸಾವಿರಾರು ಜನರ ಅನ್ನ ಹೋಯಿತು.

ನನ್ನಾಕೆ ಈ ಶಾಸ್ತ್ರವನ್ನು ಯಾವ ಪುಸ್ತಕದಲ್ಲೂ ಓದಿದವಳಲ್ಲ. ಮಾವಿನಮಿಡಿ ಬರುವುದು ವರ್ಷಕ್ಕೊಮ್ಮೆ. ಜಾಡಿ ತುಂಬ ಉಪ್ಪಿನಕಾಯಿ ಹಾಕುತ್ತಾಳೆ. ಕೊತ್ತಂಬರಿ ಸೊಪ್ಪು ನಾಲ್ಕನೆಯ ಬ್ಲಾಕಿನಲ್ಲಿ ಸಂಜೆಗೂ ಸಿಗುತ್ತದೆ. ಒಂದೇ ಕಟ್ಟು ತರಿಸುತ್ತಾಳೆ.