ಗೋಡೆಯೊಳಗಿನ ಕಾಯಕ



ಮನೆ ಕಟ್ಟುವವನಿಗೆ ಶರಣರ ಚಿಂತನೆಯು ಹೇಳುವುದೇನಾದರೂ ಇದೆಯೇ? ಧಾರವಾಡದಲ್ಲಿ ನಮ್ಮ ಹೊಸ ಮನೆಯ ಗೋಡೆಗಳನ್ನು ಕೊರೆದು, ವಿದ್ಯುತ್ ತಂತಿಯ ಪೈಪುಗಳನ್ನು ಹುದುಗಿಸುವ ಹಂತ ಬಂದಾಗ ಈ ಪ್ರಶ್ನೆ ನನ್ನೆದುರು ನಿಂತಿತು. ಬೆಂಗಳೂರಿನಲ್ಲಿ ಇಂಜಿನಿಯರ್ ಆಗಿರುವ ಮಗನಿಗೆ ಇದು ‘ಸ್ಮಾರ್ಟ್’ ಮನೆಯಾಗಬೇಕೆಂಬ ಹಂಬಲ. ಮೊಬೈಲಿನಿಂದಲೂ ಮಾತಿನಿಂದಲೂ ದೀಪಗಳು ಹೊತ್ತಬೇಕು, ಆರಬೇಕು. ಅವನು ಬರೆದು ಕಳುಹಿಸಿದ ಪಟ್ಟಿಯಲ್ಲಿ ಅಂತಹ 24 ಸ್ವಿಚ್ಚುಗಳಿದ್ದವು. ಅದೇ ಮನೆಯಲ್ಲಿ ಬಾಳಬೇಕಾದ ನನ್ನ ಅವ್ವನಿಗೆ 82 ವರ್ಷ. ದೃಷ್ಟಿ ಮಂದ, ನಡಿಗೆ ನಿಧಾನ. ಆಕೆ ಮೊಬೈಲನ್ನು ಮುಟ್ಟುವವಳಲ್ಲ.

ವಾಯರಿಂಗ್ ಮಿಸ್ತ್ರಿಯು ಪಟ್ಟಿಯನ್ನು ನೋಡಿ ಮೊದಲು ಕೇಳಿದ್ದು ದೀಪದ ಅಂದವನ್ನಲ್ಲ, ನ್ಯೂಟ್ರಲ್ ತಂತಿಯನ್ನು. ಸಾಮಾನ್ಯ ಸ್ವಿಚ್ಚಿಗೆ ಫೇಸ್ ತಂತಿಯೊಂದು ಬಂದು ಹೋದರೆ ಸಾಕು. ಸ್ಮಾರ್ಟ್ ಸ್ವಿಚ್ಚಾದರೋ ನಮ್ಮ ಆಜ್ಞೆಗಾಗಿ ಸದಾ ಎಚ್ಚರವಾಗಿರಬೇಕಾದುದರಿಂದ, ದೀಪ ಆರಿರುವಾಗಲೂ ಕಿಂಚಿತ್ ವಿದ್ಯುತ್ತನ್ನು ಬಳಸುತ್ತದೆ. ಆದ್ದರಿಂದ ಅಂತಹ ಬಹುತೇಕ ಸ್ವಿಚ್ಚುಗಳ ಪೆಟ್ಟಿಗೆಗೆ ನ್ಯೂಟ್ರಲ್ ಕೂಡ ಬೇಕು. ಗಿಲಾವು ಮುಗಿದ ಬಳಿಕ ಇದು ನೆನಪಾದರೆ ಗೋಡೆಯನ್ನು ಮತ್ತೆ ಒಡೆಯಬೇಕಾದೀತು. ಇಂದು ಬೇಡವಾದರೂ ಮುಂದೆ ಬೇಕಾದೀತೆಂದು ಎಲ್ಲ ಪೆಟ್ಟಿಗೆಗಳಿಗೂ ನ್ಯೂಟ್ರಲ್ ಎಳೆಯಲು, ಕೆಲವೆಡೆ ಬರಿಯ ಪೈಪುಗಳನ್ನು ಬಿಡಲು ನಿಶ್ಚಯಿಸಿದೆವು. ದೀಪಗಳಿಗೆ 1.5, ಪ್ಲಗ್ಗುಗಳಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರಿನ ತಂತಿ. ಎಲ್ಲಕ್ಕೂ ಹಸಿರು ಬಣ್ಣದ ಅರ್ಥಿಂಗ್ ತಂತಿ. ಮೈಗೆ ವಿದ್ಯುತ್ ತಾಗಿದರೆ ಕ್ಷಣಾರ್ಧದಲ್ಲಿ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ.

“ಗೋಡಿ ಮುಚ್ಚಿದ ಮ್ಯಾಲ ಇದನ್ಯಾರೂ ನೋಡಂಗಿಲ್ಲಲ್ಲಪಾ” ಎಂದು ನಾನು ನಗುತ್ತ ಹೇಳಿದೆ. ಅವನು ಕೈಯ ಕೆಲಸ ನಿಲ್ಲಿಸದೆ, “ಮಂದಿ ನೋಡಂಗಿಲ್ರಿ ಸರ್, ಕರೆಂಟ್ ನೋಡತೈತ್ರಿ” ಎಂದ.

ಅಂತರಂಗಶುದ್ಧಿ, ಬಹಿರಂಗಶುದ್ಧಿಗಳ ಕುರಿತು ಎಷ್ಟೋ ಪ್ರವಚನಗಳನ್ನು ಕೇಳಿದ್ದೇನೆ. ಆದರೆ ಈ ಮಾತಿನಷ್ಟು ಹತ್ತಿರದಿಂದ ಅದು ನನಗೆ ಹಿಂದೆಂದೂ ತಿಳಿದಿರಲಿಲ್ಲ. ಅತಿಥಿಗಳು ಹೊಗಳುವುದು ತೂಗುದೀಪವನ್ನು. ಅವ್ವನ ಪ್ರಾಣವನ್ನು ಕಾಯುವುದು ಗೋಡೆಯೊಳಗೆ ಅಡಗಿದ ಹಸಿರು ತಂತಿ. ಕಾಯಕದ ಸತ್ಯವು ಕಾಣದ ಎಡೆಯಲ್ಲಿಯೇ ಪರೀಕ್ಷೆಗೊಳಗಾಗುತ್ತದೆ.

ಇನ್ನು 24 ಸ್ವಿಚ್ಚುಗಳ ಮಾತು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ತಮಗೆಲ್ಲ ತಿಳಿದದ್ದೇ. ಆ ತಾಯಿಯ ಕಣ್ಣಿನಿಂದ ನಾನೂ ಮಗನೂ ಪಟ್ಟಿಯನ್ನು ಮತ್ತೆ ಓದಿದೆವು. ಒಂದೊಂದು ಸ್ವಿಚ್ಚು ಸುಮ್ಮನಿರುವಾಗ ಅರ್ಧ ವ್ಯಾಟ್ ಬಳಸಿದರೂ 24ಕ್ಕೆ 12 ವ್ಯಾಟ್. ಒಂದು ದೀಪವೂ ಹೊತ್ತದೆ ತಿಂಗಳಿಗೆ ಎಂಟೂವರೆ ಯುನಿಟ್ಟಿಗೂ ಮಿಗಿಲು. ಮೊತ್ತ ಸಣ್ಣದು, ಆದರೆ ಯಾರ ಅಗತ್ಯಕ್ಕಾಗಿ ಎಂಬ ಪ್ರಶ್ನೆ ಸಣ್ಣದಲ್ಲ. “ಅವ್ವನ ಕೋಣೆ ಬಿಟ್ಟರ ಉಳಿದದ್ದೆಲ್ಲ ನನ್ನ ಆಸಿ ಅಷ್ಟ ಅಪ್ಪಾ” ಎಂದು ಮಗನೇ ಒಪ್ಪಿ, ಪಟ್ಟಿಯನ್ನು ಆರಕ್ಕೆ ಇಳಿಸಿದ.

ಆ ಆರರಲ್ಲಿ ಮೊದಲನೆಯದು ಅವ್ವನ ಮಂಚದಿಂದ ಬಚ್ಚಲಿನವರೆಗಿನ ದಾರಿಯದು. ನೆಲದಿಂದ ಒಂದಡಿ ಎತ್ತರದಲ್ಲಿ ಸಣ್ಣ ಎಲ್‌ಇಡಿ ದೀಪಗಳು. ಕಾಲು ಕೆಳಗಿಟ್ಟೊಡನೆ ಸೆನ್ಸರ್ ಅದನ್ನರಿತು ಅವುಗಳನ್ನು ಹೊತ್ತಿಸುತ್ತದೆ. ಬಿಳಿಯ 6500 ಕೆಲ್ವಿನ್ ಬೆಳಕು ನಡುರಾತ್ರಿ ಕಣ್ಣು ಕುಕ್ಕುವುದರಿಂದ 2700 ಕೆಲ್ವಿನ್‌ನ ಹಳದಿ ಬೆಳಕನ್ನೇ ಆಯ್ದುಕೊಂಡೆವು. ಇಂಟರ್‌ನೆಟ್ ನಿಂತರೂ ಕೆಲಸ ನಿಲ್ಲಬಾರದೆಂದು ಪ್ರತಿಯೊಂದು ದೀಪಕ್ಕೂ ಕೈಗೆ ಸಿಗುವ ಗುಂಡಿಯನ್ನು ಗೋಡೆಯ ಮೇಲೆ ಉಳಿಸಿದ್ದೇವೆ.

ಪೂಜೆಯ ಕೋಣೆಗೆ ಮಾತ್ರ ಯಾವ ಸ್ಮಾರ್ಟ್ ದೀಪವೂ ಬೇಡವೆಂದು ಅವ್ವನೇ ಹೇಳಿದಳು. ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ಅನಿಮಿಷ ದೃಷ್ಟಿಯಿಂದ ನೋಡುವಾಗ, ಅದರ ನುಣುಪಾದ ಕಪ್ಪು ಮೈಯಲ್ಲಿ ದೀಪದ ಬೆಳಕು ಒಂದು ಬಿಂದುವಾಗಿ ಮೂಡುತ್ತದೆ. ಛಾವಣಿಯಲ್ಲಿ ನಾಲ್ಕು ದೀಪಗಳಿದ್ದರೆ ನಾಲ್ಕು ಬಿಂದುಗಳು, ದೃಷ್ಟಿ ನೆಲೆಗೊಳ್ಳುವುದೆಲ್ಲಿ? ಅಲ್ಲಿ ಎಣ್ಣೆಯ ದೀಪವೊಂದು, ಕಸಗುಡಿಸಲು ಸಾದಾ ಬಲ್ಬೊಂದು, ಅಷ್ಟೇ.

ಯಂತ್ರವನ್ನು ಶರಣರ ಹೆಸರಿನಲ್ಲಿ ಬೇಡವೆನ್ನುವುದು ನನ್ನ ಅಭಿಪ್ರಾಯವಲ್ಲ. ಮುದಿ ಕಾಲುಗಳಿಗೆ ದಾರಿ ತೋರುವ ಸೆನ್ಸರ್ ಕೂಡ ಸೇವೆಯೇ. ಮನೆ ಕಟ್ಟುವ ಬಂಧುಗಳು ಗಿಲಾವಿಗೆ ಮುಂಚೆ ಎರಡನ್ನು ಕೇಳಿಕೊಂಡರೆ ಸಾಕು: ಗೋಡೆಯೊಳಗೆ ಅಡಗಲಿರುವುದು ಶುದ್ಧವಾಗಿದೆಯೇ? ಹೊರಗೆ ಹೊಳೆಯಲಿರುವುದು ಯಾರಿಗಾದರೂ ನಿಜವಾಗಿ ಬೇಕಾಗಿದೆಯೇ? ಮಿಕ್ಕುಳಿದ ಹಣ ಎಲ್ಲಿ ಸಲ್ಲಬೇಕೆಂಬುದನ್ನು ದಾಸೋಹ ತತ್ತ್ವವು ನಮಗೆ ಆಗಲೇ ಕಲಿಸಿದೆ.