ನಾನು ತೂತು ಬದಲಿಸಿದ ವಿಮಾನ

ನಮ್ಮಣ್ಣ ಬೆಂಗಳೂರಿನ ಕಾಲೇಜಿನಲ್ಲಿ ಎನ್.ಸಿ.ಸಿ. ಏರ್ ವಿಂಗ್‌ನಲ್ಲಿದ್ದಾನೆ. ಅಲ್ಲಿ ಮಾದರಿ ವಿಮಾನ ಮಾಡುವುದನ್ನೂ ಕಲಿಸುತ್ತಾರೆ. ದಸರಾ ರಜಕ್ಕೆ ಬರುವಾಗ ಒಂದು ಕಿಟ್ ತಂದಿದ್ದ. ಡಬ್ಬದ ತುಂಬ ಬಾಲ್ಸಾ ಮರದ ಹಾಳೆಗಳು. ಮರವಾದರೂ ಬೆಂಡಿನ ಹಾಗೆ ಹಗುರ! ಎಂಟು ದಿನ ಕೂತು ಅಂಟಿಸಿದೆವು. ಉಪ್ಪುಕಾಗದ ಉಜ್ಜುವ ಕೆಲಸ ನನ್ನದು.

ಇದಕ್ಕೆ ರಿಮೋಟ್ ಇಲ್ಲ. ರೆಕ್ಕೆಯಿಂದ ಎರಡು ಉಕ್ಕಿನ ತಂತಿ ಬಂದು ನಮ್ಮ ಕೈಯ ಹಿಡಿಗೆ ಸೇರುತ್ತವೆ. ನಾವು ನಡುವೆ ನಿಂತರೆ ವಿಮಾನ ಕಣದ ಎತ್ತಿನ ಹಾಗೆ ಸುತ್ತುತ್ತದೆ. ಹಿಡಿ ವಾಲಿಸಿದರೆ ರೆಕ್ಕೆಯೊಳಗಿನ ಬೆಲ್‌ಕ್ರ್ಯಾಂಕ್ ತಿರುಗಿ, ಒಂದು ಕಡ್ಡಿ ಬಾಲದ ಪಟ್ಟಿಯನ್ನು ಎತ್ತುತ್ತದೆ, ಇಳಿಸುತ್ತದೆ. ಪಟ್ಟಿಯ ಕೊಂಬಿನಲ್ಲಿ ಮೂರು ತೂತು. ಕಡ್ಡಿ ಹೊರಗಿನ ತೂತಿನಲ್ಲಿದ್ದರೆ ಪಟ್ಟಿ ಸ್ವಲ್ಪ ಆಡುತ್ತದೆ, ಒಳಗಿನದರಲ್ಲಿದ್ದರೆ ಜಾಸ್ತಿ. ವಿಜ್ಞಾನದ ಮೇಷ್ಟ್ರು ಹೇಳಿದ ಸನ್ನೆಯ ಲೆಕ್ಕವೇ ಇದು. ಅಣ್ಣ ಹೊರಗಿನದಕ್ಕೆ ಹಾಕಿದ್ದ.

ನನಗೆ ಅದು ಪಲ್ಟಿ ಹೊಡೆಯೋದು ನೋಡಬೇಕಿತ್ತು. ಅಣ್ಣ ಊಟಕ್ಕೆ ಹೋದಾಗ ಕಡ್ಡಿ ಬಿಚ್ಚಿ ಒಳಗಿನ ತೂತಿಗೆ ಹಾಕಿಬಿಟ್ಟೆ.

ಸಂಜೆ ಕೆರೆ ಬಯಲಿಗೆ ಅರ್ಧ ಊರೇ ಬಂತು. ಇಂಜಿನ್ ಹೊಗೆಯಲ್ಲಿ ಹರಳೆಣ್ಣೆ ವಾಸನೆ, ಇಂಧನಕ್ಕೆ ಅದನ್ನೂ ಬೆರೆಸುತ್ತಾರೆ. ವಿಮಾನ ನೆಲ ಬಿಟ್ಟಿತು. ಅಣ್ಣ ಚೂರು ಕೈ ಎತ್ತಿದ್ದೇ ತಡ, ಮೂಗು ಮೇಲೆ ಮಾಡಿ, ಹಿಂದಕ್ಕೆ ಮಗುಚಿ, ದಬಕ್ಕನೆ ನೆಲಕ್ಕೆ ಬಡಿಯಿತು. ರೆಕ್ಕೆ ಎರಡು ತುಂಡು. ಎಲ್ಲರೂ ನಕ್ಕರು. "ನನ್ನ ಕೈ ತಪ್ಪಿತು ಕಣೋ" ಅಂದ ಅಣ್ಣ. ನಾನು ಸುಮ್ಮನಿದ್ದೆ.

ರಾತ್ರಿ ನಿದ್ದೆ ಬರಲಿಲ್ಲ. ಎಬ್ಬಿಸಿ ಹೇಳಿದೆ. ಬೈಯಲಿಲ್ಲ, ಮಾತೂ ಆಡಲಿಲ್ಲ. ಬೆಳಿಗ್ಗೆ ಮುರಿದ ರೆಕ್ಕೆ, ಹೊಸ ಬಾಲ್ಸಾ ಹಾಳೆ ನನ್ನ ಮುಂದಿಟ್ಟು ಬಸ್ಸು ಹತ್ತಿದ. ಸಂಕ್ರಾಂತಿಗೆ ಬರುತ್ತಾನೆ. ಒಂದು ಕಡೆಯ ರೆಕ್ಕೆ ಉಜ್ಜಿ ಮುಗಿದಿದೆ.